ಪಲ್ಲವಿ ಮಾತ್ರ ಬರುತ್ತಿತ್ತು

ಜಗಳ ಶುರುವಾಗಿದ್ದು ಬ್ರಯಾನ್ ಆಡಮ್ಸ್‌ನಿಂದ. ಪ್ರತಿ ವರ್ಷ ಅವನಿಂದಲೇ ಶುರುವಾಗುತ್ತದೆ.

ನಾವು ನಾಲ್ವರು 1988ರಿಂದ 92ರವರೆಗೆ ಒಂದೇ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದವರು. ಒಬ್ಬ ಹುಬ್ಬಳ್ಳಿಯವನು, ಒಬ್ಬ ಪುತ್ತೂರಿನವನು, ನಾನು ತೀರ್ಥಹಳ್ಳಿ ಕಡೆಯವನು. ನಾಲ್ಕನೆಯವನು ತುಮಕೂರಿನವನು. ಅವನನ್ನು ಇವತ್ತಿಗೂ ಲೂಕಾ ಅಂತಲೇ ಕರೆಯುತ್ತೇವೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ವರ್ಷಕ್ಕೊಂದು ಸಲ, ಮಳೆಗಾಲದಲ್ಲಿ, ಹೆಂಡತಿ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಎಲ್ಲಾದರೂ ಸೇರುತ್ತೇವೆ. ಈ ಸಲ ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇ. ಕರೆಂಟ್ ಹೋಗಿ ಎರಡು ಗಂಟೆಯಾಗಿತ್ತು. ಹೆಂಚಿನ ಮೇಲೆ ಮಳೆ ಹೇಗೆ ಬಡಿಯುತ್ತಿತ್ತು ಅಂದರೆ, ಆ ಸಣ್ಣ ಸ್ಪೀಕರನ್ನು ಮೇಜಿನ ಮಧ್ಯ ಇಟ್ಟು ನಾಲ್ಕು ತಲೆಗಳನ್ನು ಅದರ ಮೇಲೆ ಬಗ್ಗಿಸಿಕೊಂಡು ಕೂತಿದ್ದೆವು, ಮೂರರಲ್ಲಿ ಕೂದಲಿಲ್ಲ. ಹಾಡು ಎಂಬತ್ತರ ದಶಕದ್ದು. ಬೇರೆ ಯಾವ ಕಾಲದ್ದನ್ನೂ ನಾವು ಹಾಕುವುದಿಲ್ಲ.

ಬ್ರಯಾನ್ ಆಡಮ್ಸ್ ಹಾಡಿದ 'ಸಮ್ಮರ್ ಆಫ್ 69' ಬಂತು. ಬೆಂಗಳೂರಿನ ಪಬ್ಬುಗಳಲ್ಲಿ ಈ ಹಾಡು ಬಾರಿಸದೆ ಮನೆಗೆ ಹೋದ ಬ್ಯಾಂಡನ್ನು ನಾನಂತೂ ನೋಡಿಲ್ಲ. ಗಿಟಾರ್ ಕಲಿಯುವ ಹುಡುಗರು ಎರಡನೇ ತಿಂಗಳಿಗೇ ಇದಕ್ಕೆ ಕೈ ಹಾಕುತ್ತಾರೆ. ಬ್ರಯಾನ್ ಆಡಮ್ಸ್ ಸ್ವತಃ ಬೆಂಗಳೂರಿಗೆ ಬಂದು ಹಾಡಿ ಹೋಗಿದ್ದಾನೆ. (ಏಕವಚನಕ್ಕೆ ಕ್ಷಮೆ ಇರಲಿ, ಹಾಸ್ಟೆಲಿನ ಅಭ್ಯಾಸ.) ಇಷ್ಟೆಲ್ಲ ಆದರೂ ಆ 69 ಅಂದರೆ ಏನು ಅನ್ನುವುದು ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

"ಇಸವಿ ಅಲ್ಲದೆ ಇನ್ನೇನು?" ಅಂದೆ ನಾನು.

"ಅವನು ಹುಟ್ಟಿದ್ದು 59ರ ನವೆಂಬರಿನಲ್ಲಿ ಮಾರಾಯ," ಅಂದ ಪುತ್ತೂರಿನವನು. "69ರ ಬೇಸಿಗೆಯಲ್ಲಿ ಅವನಿಗೆ ಒಂಬತ್ತು ವರ್ಷ. ಒಂಬತ್ತು ವರ್ಷದ ಮಕ್ಕಳು ಎಂತ ಬ್ಯಾಂಡ್ ಕಟ್ಟುವುದು, ಎಂತ ಹುಡುಗಿಯನ್ನು ಪ್ರೀತಿಸುವುದು?"

ಲೆಕ್ಕ ಸರಿಯಾಗಿದೆ. ಆಡಮ್ಸ್ ಕೂಡ ಅದು ಇಸವಿ ಅಲ್ಲ, ಬೇಸಿಗೆಯ ಪ್ರೇಮದ ಬಗ್ಗೆ ಬರೆದದ್ದು, ಆ ಅಂಕಿಗೆ ಬೇರೆ ಅರ್ಥವಿದೆ ಅಂತ ಹೇಳುತ್ತಾ ಬಂದಿದ್ದಾನೆ. ಆ ಬೇರೆ ಅರ್ಥ ಏನು ಅಂತ ಇಲ್ಲಿ ಬಿಡಿಸಿ ಬರೆಯುವುದಿಲ್ಲ, ನಮ್ಮತ್ತೆ ಈ ಬ್ಲಾಗ್ ಓದುತ್ತಾರೆ. ಆದರೆ ಹಾಡು ಬರೆದವರು ಇಬ್ಬರು. ಇನ್ನೊಬ್ಬ ಜಿಮ್ ವ್ಯಾಲೆನ್ಸ್, ಆಡಮ್ಸ್‌ಗಿಂತ ಏಳು ವರ್ಷ ದೊಡ್ಡವನು. 69ರಲ್ಲಿ ಅವನಿಗೆ ಹದಿನೇಳು. ಅವನ ಪ್ರಕಾರ ಅದು ಇಸವಿಯೇ. ಮೊದಲು ಹಾಡಿಗೆ ಇಟ್ಟಿದ್ದ ಹೆಸರು 'ಬೆಸ್ಟ್ ಡೇಸ್ ಆಫ್ ಮೈ ಲೈಫ್' ಅಂತಲೂ ಅವನು ಹೇಳಿದ್ದಾನೆ. ಅಂದರೆ ಒಂದೇ ಕೋಣೆಯಲ್ಲಿ ಕೂತು ಒಂದೇ ಹಾಡು ಬರೆದ ಇಬ್ಬರ ತಲೆಯಲ್ಲಿ ಎರಡು ಹಾಡು ಇದ್ದವು.

ಹುಬ್ಬಳ್ಳಿಯವನು ತೀರ್ಪು ಕೊಟ್ಟ. "ಅಲ್ಲಪಾ, ಬರದವರಿಗೇ ಬಗಿಹರದಿಲ್ಲ, ನಾವ್ ಯಾಕ ಬಡದಾಡೂದು?"

ಬಡಿದಾಡುವುದು ಬಿಟ್ಟರೆ ನಮಗೆ ಬೇರೆ ಕೆಲಸ ಏನಿದೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಹಾಸ್ಟೆಲಿನಲ್ಲಿದ್ದಾಗ ಈ ಪ್ರಶ್ನೆಯೇ ನಮಗೆ ಹುಟ್ಟಿರಲಿಲ್ಲ. ಆ ಹಾಡಿನ ಮೊದಲ ಸಾಲಲ್ಲೇ 'ಫೈವ್ ಅಂಡ್ ಡೈಮ್' ಅನ್ನುವ ಕಡೆ ಗಿಟಾರ್ ಕೊಂಡ ಮಾತು ಬರುತ್ತದೆ. ಅದು ಐದು ಸೆಂಟಿಗೆ, ಹತ್ತು ಸೆಂಟಿಗೆ ಸಾಮಾನು ಸಿಗುತ್ತಿದ್ದ ಸಾಮಾನ್ಯ ಜನರ ಅಂಗಡಿ. ನಮ್ಮ ಜಾತ್ರೆಯಲ್ಲಿ 'ಯಾವುದು ತಗೊಂಡ್ರೂ ಹತ್ತು ರೂಪಾಯಿ' ಅನ್ನುತ್ತಾರಲ್ಲ, ಆ ತರಹದ್ದು. ಇದು ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅದು ಗಿಟಾರಿನ ಬೆಲೆ ಅಂತ ಅಂದುಕೊಂಡಿದ್ದೆ.

ನಮಗೆ ಹಾಡು ಸಿಗುತ್ತಿದ್ದ ರೀತಿಯೇ ಹಾಗಿತ್ತು. ಪೇಟೆಯಲ್ಲಿ ಒಂದು ರೆಕಾರ್ಡಿಂಗ್ ಅಂಗಡಿ. ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ನಾಲ್ಕು ದಿನ ಬಿಟ್ಟು ತುಂಬಿಸಿಕೊಡುತ್ತಿದ್ದ. ಜೊತೆಗೆ ಹಾಡಿನ ಸಾಹಿತ್ಯದ ಚೀಟಿ ಗೀಟಿ ಏನೂ ಇಲ್ಲ. ಇರುತ್ತಿದ್ದದ್ದು ಅವನ ಅಕ್ಷರದಲ್ಲಿ ಬರೆದ ಹೆಸರು ಮಾತ್ರ. ಅದರಲ್ಲೂ ಒಂದು ಸಲ ಬ್ರೆತ್ ಹೋಗಿ ಬ್ರೆಡ್ ಆಗಿ, 'ಎವ್ರಿ ಬ್ರೆಡ್ ಯು ಟೇಕ್' ಅಂತ ಬಂದಿತ್ತು. ಮೆಸ್ಸಿನಲ್ಲಿ ಯಾರಾದರೂ ನಾಲ್ಕನೇ ಬ್ರೆಡ್ಡಿಗೆ ಕೈ ಹಾಕಿದರೆ ಅದನ್ನೇ ಹಾಡುತ್ತಿದ್ದೆವು. ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ. ಹಾಡು ಮುಗಿಯುವ ಮುಂಚೆ ಟೇಪು ಮುಗಿದರೆ ಅಲ್ಲಿಗೆ ಕಟ್. ಎಷ್ಟೋ ಹಾಡುಗಳ ಕೊನೆ ನನಗೆ ಗೊತ್ತೇ ಇರಲಿಲ್ಲ. ಟೂ-ಇನ್-ಒನ್ ಹುಬ್ಬಳ್ಳಿಯವನದ್ದು. ಕ್ಯಾಸೆಟ್ಟುಗಳ ಡಬ್ಬ ಮಾತ್ರ ಲೂಕಾನ ಹತ್ತಿರ, ಯಾಕಂದರೆ ರಜೆಯಲ್ಲಿ ಎಲ್ಲರೂ ಊರಿಗೆ ಹೋದರೂ ಅವನೊಬ್ಬ ಹೋಗುತ್ತಿರಲಿಲ್ಲ. ದೀಪಾವಳಿಗೂ ಹಾಸ್ಟೆಲಿನಲ್ಲೇ ಉಳಿದುಬಿಡುತ್ತಿದ್ದ. ಒಂದು ವರ್ಷ ನಾನೇ ಎಳೆದುಕೊಂಡು ನಮ್ಮೂರಿಗೆ ಕರೆದುಕೊಂಡು ಹೋಗಿದ್ದೆ.

ಕನ್ನಡ ಮೀಡಿಯಂನಿಂದ ಬಂದ ನಮ್ಮಂಥವರಿಗೆ ಆ ಇಂಗ್ಲಿಷ್ ಉಚ್ಚಾರಣೆಯೇ ಹಿಡಿಯುತ್ತಿರಲಿಲ್ಲ. ಹತ್ತು ಸಲ ಬರುವ ಪಲ್ಲವಿ ಮಾತ್ರ ಬಾಯಿಗೆ ಬರುತ್ತಿತ್ತು. ಒಂದೇ ಸಲ ಬಂದು ಹೋಗುವ ಚರಣಗಳಲ್ಲಿ ಲಲ್ಲಲ್ಲಾ. ಈಗ ಯೋಚಿಸಿದರೆ, ಆ ಕಾಲದ ದೊಡ್ಡ ಹಾಡುಗಳಲ್ಲಿ ಕೆಲವು ಬೇಕಂತಲೇ ಹಾಗೆ ಕಟ್ಟಿದ್ದವು ಅನ್ನಿಸುತ್ತದೆ. ಪಲ್ಲವಿಯಲ್ಲಿ ಒಂದು ಮಾತು, ಚರಣದಲ್ಲಿ ಅದಕ್ಕೆ ಪೂರ್ತಿ ತಿರುಗಿ ನಿಂತ ಇನ್ನೊಂದು ಮಾತು. ಪಲ್ಲವಿಯಷ್ಟೇ ಕೇಳಿದವನು ಒಂದು ಹಾಡು ಕೇಳಿದ, ಪೂರ್ತಿ ಕೇಳಿದವನು ಇನ್ನೊಂದು ಹಾಡು ಕೇಳಿದ. ಇದು ನನ್ನ ವಾದ. ಆ ರಾತ್ರಿ ಈ ವಾದವನ್ನೇ ಹಿಡಿದು ಕೂತಿದ್ದೆ.

ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ 'ಬಾರ್ನ್ ಇನ್ ದಿ ಯು.ಎಸ್.ಎ.' ನೋಡಿ. 1984ರದ್ದು. ಪಲ್ಲವಿ ಅಂದರೆ ಆ ನಾಲ್ಕೈದು ಪದಗಳೇ, ಮುಷ್ಟಿ ಎತ್ತಿ ಕೂಗುವ ಹಾಗಿದೆ. ನಾವು ಕೂಗಿದ್ದೇವೆ, ಹಾಸ್ಟೆಲ್ ಡೇ ದಿನ, ಅಮೆರಿಕ ಎಲ್ಲಿದೆ ಅಂತ ಮ್ಯಾಪಿನಲ್ಲಷ್ಟೇ ನೋಡಿದ್ದವರು. ಚರಣದಲ್ಲಿ ಇರುವುದೇನು? ಸಣ್ಣ ಊರಿನ ಒಬ್ಬ ಹುಡುಗನನ್ನು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದಾಗ ಕೆಲಸ ಕೇಳಿಕೊಂಡು ರಿಫೈನರಿಗೆ ಹೋಗುತ್ತಾನೆ, ಸಿಗುವುದಿಲ್ಲ. ಖೆ ಸಾನ್ ಅನ್ನುವ ಕಡೆ ಕಾದಾಡಿದ ಅವನ ಸೋದರ ಸತ್ತುಹೋಗಿದ್ದಾನೆ. ಹೋಗಲು ಎಲ್ಲೂ ದಾರಿಯಿಲ್ಲ. ಇಷ್ಟು ಹೇಳಿ ಮತ್ತೆ ಅದೇ ಪಲ್ಲವಿಗೆ ಬರುತ್ತಾನೆ, ಈ ದೇಶದಲ್ಲಿ ಹುಟ್ಟಿದೆ ಅಂತ. ಆ ಹೊತ್ತಿಗೆ ಆ ಕೂಗು ಜೈಕಾರದ ಹಾಗೆ ಕೇಳುವುದಿಲ್ಲ.

ನನ್ನ ಕ್ಯಾಸೆಟ್ಟಿನಲ್ಲಿ ಈ ಹಾಡು ಎ ಸೈಡಿನ ಕೊನೆಯಲ್ಲಿತ್ತು. ಸೋದರನ ಚರಣ ಬರುವ ಮುಂಚೆಯೇ ಟೇಪು ಮುಗಿದಿತ್ತು.

ನನಗಾದರೂ ಟೇಪಿನ ನೆಪ ಇದೆ. ಹಾಡು ಬಂದ ವರ್ಷವೇ ಅಮೆರಿಕದಲ್ಲಿ ಚುನಾವಣೆ. ಅಧ್ಯಕ್ಷ ರೇಗನ್ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಹ್ಯಾಮಂಟನ್ ಅನ್ನುವ ಊರಿನಲ್ಲಿ ಭಾಷಣ ಮಾಡುತ್ತಾ, ಅಮೆರಿಕದ ಭವಿಷ್ಯ ನಿಮ್ಮದೇ ನ್ಯೂಜೆರ್ಸಿಯ ಸ್ಪ್ರಿಂಗ್‌ಸ್ಟೀನ್‌ನ ಹಾಡುಗಳ ಭರವಸೆಯಲ್ಲಿದೆ ಅನ್ನುವ ಅರ್ಥದ ಮಾತಾಡಿದ. ಅದಾದ ಕೆಲವೇ ದಿನಕ್ಕೆ ಪಿಟ್ಸ್‌ಬರ್ಗಿನ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ಗೊತ್ತಿಲ್ಲ, 'ನೆಬ್ರಾಸ್ಕಾ' ಅಂತೂ ಕೇಳಿರಲಿಕ್ಕಿಲ್ಲ ಅಂತ ಹೇಳಿ, ಕೆಲಸ ಕಳೆದುಕೊಂಡು ಕೊಲೆ ಮಾಡಿದವನೊಬ್ಬನ ಹಾಡು ಹಾಡಿದ.

ಆ 'ನೆಬ್ರಾಸ್ಕಾ' ಇದೆಯಲ್ಲ, ಅದನ್ನು 1982ರ ಶುರುವಿನಲ್ಲಿ ಮನೆಯಲ್ಲೇ ಕೂತು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಾಡಿಕೊಂಡದ್ದು. 'ಬಾರ್ನ್ ಇನ್ ದಿ ಯು.ಎಸ್.ಎ.' ಕೂಡ ಮೊದಲು ಆ ಕ್ಯಾಸೆಟ್ಟುಗಳಲ್ಲೇ ಇತ್ತು. ಡ್ರಮ್ ಇಲ್ಲ, ಗಿಟಾರ್ ಮಾತ್ರ. ಅದು ಹೊರಗೆ ಬಂದಿದ್ದು 1998ರಲ್ಲಿ. ಪುತ್ತೂರಿನವನು ಮೊಬೈಲಿನಲ್ಲಿ ಅದನ್ನು ಹಾಕಿದ. ಅದೇ ಪದಗಳು, ಅದೇ ಪಲ್ಲವಿ. ಆದರೆ ಇದನ್ನು ಕೇಳಿ ಯಾರೂ ಬಾವುಟ ಹಿಡಿಯುವುದಿಲ್ಲ, ದೆವ್ವ ಬಂದು ಕಿವಿಯಲ್ಲಿ ಹಾಡಿದ ಹಾಗಿದೆ. ಹಾಗಾದರೆ ತಪ್ಪು ತಿಳಿದುಕೊಂಡವರದ್ದೇ ಎಲ್ಲ ತಪ್ಪಾ? ಆ ಡ್ರಮ್ಮು, ಆ ಸಿಂಥಸೈಜರ್ ಸೇರಿಸಿ ಕ್ರೀಡಾಂಗಣ ತುಂಬ ಕುಣಿಯುವ ಹಾಗೆ ಮಾಡಿದವನು ಅವನೇ ತಾನೇ? ಇದನ್ನು ಕೇಳಿದ್ದು ಹುಬ್ಬಳ್ಳಿಯವನು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

'ಎವ್ರಿ ಬ್ರೆತ್ ಯು ಟೇಕ್' ವಿಷಯಕ್ಕೆ ಬಂದರೆ ನನ್ನ ಮೇಲೊಂದು ಆರೋಪವಿದೆ. 1996ರಲ್ಲಿ ಚಿಕ್ಕಮ್ಮನ ಮಗಳ ಮದುವೆ. ಮದುವೆ ವಿಡಿಯೋ ಎಡಿಟ್ ಮಾಡುವವನು, ಹುಡುಗ ಹುಡುಗಿ ಕೈ ಹಿಡಿದುಕೊಂಡು ನಡೆಯುವ ಭಾಗಕ್ಕೆ ಒಂದು ಇಂಗ್ಲಿಷ್ ಹಾಡು ಬೇಕು ಅಂದ. ನಮ್ಮ ಮನೆತನದಲ್ಲಿ ಇಂಗ್ಲಿಷ್ ಹಾಡಿಗೆ ನಾನೇ ಅಧಿಕೃತ ಪಂಡಿತ. ಇದನ್ನು ಕೊಟ್ಟೆ. ನೀನು ತೆಗೆದುಕೊಳ್ಳುವ ಪ್ರತಿ ಉಸಿರು, ಇಡುವ ಪ್ರತಿ ಹೆಜ್ಜೆ, ನಾನು ನೋಡುತ್ತಿರುತ್ತೇನೆ. ಎಷ್ಟು ಚೆಂದ ಅಲ್ವಾ? ಶಿವಮೊಗ್ಗದ ಪಾರ್ಕೊಂದರಲ್ಲಿ ಭಾವ ಗುಲಾಬಿ ಹಿಡಿದು ನಿಂತಿದ್ದಾರೆ, ತಂಗಿ ನಾಚಿಕೊಂಡು ಬರುತ್ತಿದ್ದಾಳೆ, ಹಿಂದೆ ಸ್ಟಿಂಗ್ ಹಾಡುತ್ತಿದ್ದಾನೆ.

ಆ ವಿಡಿಯೋವನ್ನು ಈಚೆಗೆ ಪೆನ್‌ಡ್ರೈವಿಗೆ ಹಾಕಿಸಿದರು. ತಂಗಿಯ ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಮಾಮಾ, ಇದು ಹುಡುಗಿ ಹಿಂದೆ ಬಿದ್ದು ಕಾಟ ಕೊಡೋನ ಹಾಡು! ಅಮ್ಮನ ಮದುವೆಗೆ ಇದನ್ನ ಹಾಕಿದ್ದೀರಲ್ಲ!"

ಅವಳು ಹೇಳಿದ್ದು ಸರಿ. ಸ್ಟಿಂಗ್ ಅದನ್ನು ಬರೆದದ್ದು ಜಮೈಕಾದಲ್ಲಿ, ಜೇಮ್ಸ್ ಬಾಂಡ್ ಕಾದಂಬರಿಗಳ ಇಯಾನ್ ಫ್ಲೆಮಿಂಗ್ ಹಿಂದೆ ಇದ್ದ ಗೋಲ್ಡನ್‌ಐ ಅನ್ನುವ ಮನೆಯಲ್ಲಿ. ಅವನ ಮೊದಲ ಮದುವೆ ಮುರಿಯುತ್ತಿದ್ದ ಸಮಯ. ಇದು ಪ್ರೇಮಗೀತೆ ಅಲ್ಲ, ಹೊಟ್ಟೆಕಿಚ್ಚಿನ, ಕಣ್ಗಾವಲಿನ ಹಾಡು ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ಕೇಳುವವರು ಯಾರು? 1983ರಲ್ಲಿ ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು, ಇವತ್ತಿಗೂ ಜನ ಮದುವೆಗೆ ಹಾಕುತ್ತಾರೆ. ಇಂಗ್ಲಿಷ್ ಮಾತೃಭಾಷೆಯವರೇ ಹಾಕುತ್ತಾರೆ ಅನ್ನುವುದು ನನಗೆ ಒಂದು ಸಮಾಧಾನ. ತಂಗಿಗೆ ಅರ್ಥ ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ, "ನಿಮ್ಮ ಭಾವ ಹಾಗೇ ಇದ್ದಾರೆ ಬಿಡು, ಐದು ನಿಮಿಷ ತಡ ಆದ್ರೆ ಫೋನ್ ಮಾಡ್ತಾರೆ" ಅಂದಳು. ನಗುತ್ತಲೇ ಅಂದಳು. ನಾನು ಮಾತು ಬದಲಾಯಿಸಿದೆ.

ಇಂಥದ್ದು ನಮ್ಮಲ್ಲೂ ಇದೆ ಅಂತ ನೆನಪಿಸಿದ್ದು ಹುಬ್ಬಳ್ಳಿಯವನು. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯನ್ನು ಆರ್ಕೆಸ್ಟ್ರಾಗಳಲ್ಲಿ ಹುಡುಗ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಹಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದು ಮಗುವನ್ನು ಕಳೆದುಕೊಂಡ ದುಃಖದಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು. ನನ್ನನ್ನು ಹೀಗೆ ನೋಡಬೇಡ, ನೀನು ಹೀಗೆ ನೋಡಿದರೆ ನಾನು ತಿರುಗಿ ನಿನ್ನನ್ನು ಹೇಗೆ ನೋಡಲಿ ಅಂತ. ಹುಬ್ಬಳ್ಳಿಯವನು ಎರಡು ಸಾಲು ಹಾಡಿದ, ಆಮೇಲೆ ಮುಂದಕ್ಕೆ ಹೋಗಲಿಲ್ಲ. "ಇದನ್ನ ಇವತ್ತ ಹಾಡೂದು ಬ್ಯಾಡ" ಅಂದ. ಇದರಲ್ಲಿ ಭಾಷೆ ಬರುತ್ತಿಲ್ಲ ಅನ್ನುವ ನೆಪವೂ ನಮಗಿಲ್ಲ.

ವಾತಾವರಣ ಭಾರವಾಯಿತು ಅಂತ ಪುತ್ತೂರಿನವನು ಫಿಲ್ ಕಾಲಿನ್ಸ್‌ನ ಕತೆ ತೆಗೆದ. ಹಾಸ್ಟೆಲಿನಲ್ಲಿ ನಮಗೊಬ್ಬ ಸೀನಿಯರ್ ಇದ್ದ. ದೀಪ ಆರಿಸಿ, ಟಾರ್ಚನ್ನು ಗಲ್ಲದ ಕೆಳಗೆ ಹಿಡಿದು 'ಇನ್ ದಿ ಏರ್ ಟುನೈಟ್' ಹಾಡಿನ ಹಿನ್ನೆಲೆ ಹೇಳುತ್ತಿದ್ದ. ಫಿಲ್ ಕಾಲಿನ್ಸ್ ಕಣ್ಣೆದುರೇ ಒಬ್ಬ ಮುಳುಗುತ್ತಿದ್ದನಂತೆ. ದಡದಲ್ಲಿದ್ದ ಇನ್ನೊಬ್ಬ ಕಾಪಾಡಬಹುದಿತ್ತು, ಕಾಪಾಡಲಿಲ್ಲವಂತೆ. ಫಿಲ್ ಕಾಲಿನ್ಸ್ ಅವನನ್ನು ಪತ್ತೆ ಹಚ್ಚಿ, ಮುಂದಿನ ಸಾಲಿನ ಟಿಕೆಟ್ ಕಳಿಸಿ, ಅವನ ಮುಖ ನೋಡಿಕೊಂಡೇ ಈ ಹಾಡು ಹಾಡಿದನಂತೆ. ಸರಿಯಾಗಿ ಆ ಡ್ರಮ್ ಬೀಳುವ ಕ್ಷಣಕ್ಕೆ ಸೀನಿಯರ್ ಟಾರ್ಚ್ ಆರಿಸುತ್ತಿದ್ದ. ಫಸ್ಟ್ ಇಯರಿನವರು ಕೂಗಿಕೊಳ್ಳುತ್ತಿದ್ದರು.

ಎಲ್ಲ ಬುರುಡೆ. ಹೆಂಡತಿ ಬಿಟ್ಟು ಹೋದ ಸಿಟ್ಟಿನಲ್ಲಿ ಹುಟ್ಟಿದ ಹಾಡು ಅದು. ಪದಗಳಲ್ಲಿ ಹೆಚ್ಚಿನವು ಮೈಕಿನ ಮುಂದೆ ನಿಂತಾಗ ಬಾಯಿಗೆ ಬಂದವು, ಹಾಡು ಯಾವುದರ ಬಗ್ಗೆ ಅಂತ ತನಗೇ ಸರಿಯಾಗಿ ಗೊತ್ತಿಲ್ಲ ಅಂತ ಕಾಲಿನ್ಸ್ ಹೇಳಿದ್ದಾನೆ. ಒಂದು ಸಾಲಿನಲ್ಲಿ ನೀನು ಮುಳುಗುತ್ತಿದ್ದರೂ ಕೈ ಕೊಡುವುದಿಲ್ಲ ಅನ್ನುವ ಮಾತಿದೆ, ಅಷ್ಟೇ. ಆ ಒಂದು ಸಾಲಿನಿಂದ ಜನ ಒಬ್ಬ ಸತ್ತವನನ್ನೂ ಒಬ್ಬ ಪಾಪಿಯನ್ನೂ ಒಂದು ಟಿಕೆಟ್ಟನ್ನೂ ಸೃಷ್ಟಿ ಮಾಡಿದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಆ ಕತೆ ಇಂಗ್ಲೆಂಡಿನಿಂದ ಹೊರಟು ಕರ್ನಾಟಕದ ಒಂದು ಹಾಸ್ಟೆಲಿನ ಟಾರ್ಚಿನವರೆಗೆ ಹೇಗೆ ನಡೆದು ಬಂತೋ! ಆ ಡ್ರಮ್ಮಿನ ಸದ್ದಿಗೂ ಇದರಲ್ಲಿ ಪಾಲಿದೆ. ಹ್ಯೂ ಪ್ಯಾಡ್ಗಮ್ ಅನ್ನುವ ಇಂಜಿನಿಯರ್ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಪೀಟರ್ ಗೇಬ್ರಿಯಲ್‌ನ ಆಲ್ಬಂ ಮಾಡುವಾಗ, ಅದಕ್ಕೆ ಡ್ರಮ್ ಬಾರಿಸುತ್ತಿದ್ದ ಕಾಲಿನ್ಸ್ ಜೊತೆ ಸೇರಿ ಆ ಸದ್ದು ಹಿಡಿದ. ಮಾತಾಡಲು ಇಟ್ಟಿದ್ದ ಮೈಕಿನಲ್ಲಿ ಡ್ರಮ್ ದೊಡ್ಡದಾಗಿ ಗುಂಯ್ ಅಂದು ತಟ್ಟನೆ ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ಹತ್ತು ವರ್ಷ ಎಲ್ಲರ ಡ್ರಮ್ಮೂ ಹಾಗೆಯೇ. ನಮ್ಮ ಟೂ-ಇನ್-ಒನ್ನಿನಲ್ಲಿ ಪದ ಕೇಳದೆ ಹೋದದ್ದಕ್ಕೆ ಇಂಗ್ಲಿಷಿನ ಜೊತೆ ಅದೂ ಒಂದು ಕಾರಣ ಅಂತ ನಾನು ಹೇಳಿದರೆ ಉಳಿದವರು ಒಪ್ಪುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ಜರ್ಮನಿಯದ್ದು. ನೇನಾ ಅನ್ನುವ ಬ್ಯಾಂಡಿನ '99 ಲುಫ್ಟ್‌ಬಲೋನ್ಸ್', ಅಂದರೆ 99 ಬಲೂನುಗಳು. ಬ್ಯಾಂಡಿನ ಗಿಟಾರಿಸ್ಟ್ ಕಾರ್ಲೊ ಕಾರ್ಗೆಸ್ 1982ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮಕ್ಕೆ ಹೋಗಿದ್ದ. ಅಲ್ಲಿ ಬಲೂನುಗಳನ್ನು ಹಾರಿಬಿಟ್ಟರು. ಅವು ಗುಂಪಾಗಿ ಆಕಾಶದಲ್ಲಿ ತೇಲಿ ಹೋಗುವುದನ್ನು ನೋಡಿ ಅವನಿಗೆ ಒಂದು ಯೋಚನೆ ಬಂತು. ಇವು ಬರ್ಲಿನ್ ಗೋಡೆ ದಾಟಿ ಪೂರ್ವದ ಕಡೆ ಹೋದರೆ? ಅಲ್ಲಿಯವರು ಇದನ್ನು ಏನೋ ಬೇರೆ ಅಂದುಕೊಂಡರೆ? ಹಾಡಿನಲ್ಲಿ ಅದೇ ಆಗುತ್ತದೆ. ಬಲೂನು ಕಂಡ ಜನರಲ್ ವಿಮಾನ ಕಳಿಸುತ್ತಾನೆ, ಪೈಲಟ್‌ಗಳು ತಾವು ದೊಡ್ಡ ಶೂರರು ಅಂತ ಗುಂಡು ಹಾರಿಸುತ್ತಾರೆ, 99 ಯುದ್ಧಮಂತ್ರಿಗಳು ಬೆಂಕಿಕಡ್ಡಿ ಪೆಟ್ರೋಲು ಹಿಡಿದು ಓಡಿ ಬರುತ್ತಾರೆ. 99 ವರ್ಷದ ಯುದ್ಧ. ಗೆದ್ದವರು ಯಾರೂ ಉಳಿಯುವುದಿಲ್ಲ. ಕೊನೆಯಲ್ಲಿ ಆ ಹುಡುಗಿ ಪಾಳುಬಿದ್ದ ಲೋಕದಲ್ಲಿ ನಡೆಯುತ್ತಾ ಒಂದು ಬಲೂನು ಕಂಡು, ನಿನ್ನನ್ನು ನೆನೆದು ಅದನ್ನು ಹಾರಿಬಿಡುತ್ತಾಳೆ.

ಇದನ್ನೇ ಇಂಗ್ಲಿಷಿಗೆ ತಂದಾಗ ಬಲೂನುಗಳಿಗೆ ಕೆಂಪು ಬಣ್ಣ ಬಂತು. ಆಟಿಕೆ ಅಂಗಡಿಯಲ್ಲಿ ಇಬ್ಬರು ಸೇರಿ ಕೊಂಡ ಬಲೂನುಗಳಾದವು. ಬ್ಯಾಂಡಿನವರಿಗೇ ಆ ಅನುವಾದ ಅಷ್ಟು ರುಚಿಸಲಿಲ್ಲ. ಬ್ರಿಟನ್ನಿನಲ್ಲಿ ಇಂಗ್ಲಿಷಿನದ್ದು ಮೊದಲ ಸ್ಥಾನಕ್ಕೆ ಹೋಯಿತು. ಆದರೆ 1984ರಲ್ಲಿ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಏರಿದ್ದು ಜರ್ಮನ್ ಭಾಷೆಯದ್ದೇ. ಒಂದು ಅಕ್ಷರ ತಿಳಿಯದೆ ಲಕ್ಷಾಂತರ ಜನ ಅದನ್ನು ಕೇಳಿದರು, ಕುಣಿದರು, ಬಾಯಿಗೆ ಬಂದ ಹಾಗೆ ಹಾಡಿಕೊಂಡರು. ಆ ಒಂದು ಹಾಡಿನ ಮಟ್ಟಿಗೆ ಅಮೆರಿಕದವರೆಲ್ಲ ನಮ್ಮ ಹಾಸ್ಟೆಲಿನವರೇ. ಇದು ಹೇಳಿದಾಗ ಹುಬ್ಬಳ್ಳಿಯವನು ಎದ್ದು ನಿಂತು ನನಗೆ ಕೈ ಕುಲುಕಿದ.

ನಾರ್ವೆಯ ಅ-ಹಾ ಬ್ಯಾಂಡಿನ 'ಟೇಕ್ ಆನ್ ಮಿ' ಬಗ್ಗೆಯೂ ಹೀಗೇ ಒಂದಿಷ್ಟು ಮಾತಾಯಿತು. ಆ ಮೂರು ಪದಗಳ ಜೋಡಣೆ ಇಂಗ್ಲಿಷಿನಲ್ಲಿ ಸರಿಯಾಗಿ ಕೂರುವುದೇ ಇಲ್ಲ, ಆದರೂ ಯಾರಿಗೂ ತೊಂದರೆ ಆಗಿಲ್ಲ. ಬರೆದವರಿಗೂ ಇಂಗ್ಲಿಷ್ ಕಲಿತ ಭಾಷೆ, ಕೇಳಿದ ನಮಗೂ ಅಷ್ಟೇ.

ಟೋಟೋ ಬ್ಯಾಂಡಿನ 'ಆಫ್ರಿಕಾ' ಮಾತ್ರ ನನ್ನದು. ಅದರ ಬಗ್ಗೆ ಯಾರು ಏನಂದರೂ ನಾನು ಒಪ್ಪುವುದಿಲ್ಲ. ಅದು ಬರೆಯುವಾಗ ಡೇವಿಡ್ ಪೇಯ್ಚ್ ಆಫ್ರಿಕಾ ನೋಡಿಯೇ ಇರಲಿಲ್ಲ, ಸಾಕ್ಷ್ಯಚಿತ್ರ, ಓದಿದ್ದು, ಕೇಳಿದ್ದು ಅಷ್ಟೇ ಬಂಡವಾಳ. ಸೆರೆಂಗೆಟಿ ಬಯಲಿನ ಮೇಲೆ ಕಿಲಿಮಂಜಾರೋ ಪರ್ವತ ಎದ್ದು ನಿಂತಿದೆ ಅಂತ ಬರೆದಿದ್ದಾನೆ. ಎರಡರ ಮಧ್ಯೆ ಎಷ್ಟು ದೂರ ಅಂತ ಮ್ಯಾಪ್ ತೆಗೆದು ತೋರಿಸಿದ ಪುತ್ತೂರಿನವನು. ತೋರಿಸಲಿ. ಹದಿನೆಂಟು ವರ್ಷದವನಿಗೆ ಆ ಹಾಡಿನಲ್ಲಿ ತಿಳಿದದ್ದು ಎರಡೇ ಪದ, ಆಫ್ರಿಕಾ ಮತ್ತು ಮಳೆ. ತೀರ್ಥಹಳ್ಳಿಯ ಹುಡುಗನಿಗೆ ಅಷ್ಟು ಸಾಕು. ಮಳೆಯನ್ನು ಹರಸುತ್ತೇನೆ ಅನ್ನುತ್ತದೆ ಆ ಪಲ್ಲವಿ. ನಾನು ಅದನ್ನು ಮಳೆ ಇಲ್ಲದೆ ಬೇಜಾರಾಗಿದೆ ಅಂತ ಕೇಳಿಸಿಕೊಂಡಿದ್ದೆ, 'ಬ್ಲೆಸ್' ಇದ್ದ ಕಡೆ 'ಮಿಸ್'. ಇಂಗ್ಲಿಷಿನವರಲ್ಲೂ ಎಷ್ಟೋ ಜನ ಹಾಗೇ ಕೇಳಿಸಿಕೊಂಡಿದ್ದಾರೆ. ಬಯಲುಸೀಮೆಯ ಕಾಲೇಜಿನಲ್ಲಿ, ಜುಲೈ ತಿಂಗಳಲ್ಲೂ ಧೂಳು ಏಳುವ ಆ ಹಾಸ್ಟೆಲಿನಲ್ಲಿ, ಊರಿನಲ್ಲಿ ಈಗ ಹೊಳೆ ತುಂಬಿರುತ್ತದೆ ಅಂತ ನೆನೆಸಿಕೊಂಡು ಅದನ್ನು ಹಾಡುತ್ತಿದ್ದೆ. ನನ್ನ ತಪ್ಪು ನನಗೆ ಸರಿಯಾಗೇ ಇತ್ತು. ಈಗ ಸರಿಯಾದ ಪದ ಗೊತ್ತು, ಬಾಯಿಗೆ ಬರುವುದು ಹಳೆಯದೇ.

ಲೂಕಾನ ವಿಷಯ ಹೇಳುತ್ತೇನೆ ಅಂದಿದ್ದೆ.

1987ರಲ್ಲಿ ಸುಝಾನ್ ವೇಗಾ ಅನ್ನುವ ನ್ಯೂಯಾರ್ಕಿನ ಗಾಯಕಿಯ 'ಲೂಕಾ' ಬಂತು. ಅಮೆರಿಕದಲ್ಲಿ ಮೂರನೇ ಸ್ಥಾನದವರೆಗೆ ಹೋಯಿತು. ನಮ್ಮ ಹಾಸ್ಟೆಲಿಗೆ ಬರುವಾಗ 88 ಮುಗಿಯುತ್ತಿತ್ತು. ಗಿಟಾರ್ ಹಗುರವಾಗಿ, ಬೆಳಗಿನ ಬಿಸಿಲಿನ ಹಾಗೆ. ನನ್ನ ಹೆಸರು ಲೂಕಾ, ನಾನು ಎರಡನೇ ಮಹಡಿಯಲ್ಲಿದ್ದೇನೆ ಅಂತ ಶುರುವಾಗುತ್ತದೆ. ಅಷ್ಟು ನಿಧಾನವಾಗಿ, ಸ್ಪಷ್ಟವಾಗಿ ಹಾಡುತ್ತಾಳೆ ಅಂದರೆ ನಮಗೂ ತಿಳಿಯಿತು. ತುಮಕೂರಿನವನ ರೂಮ್ ಎರಡನೇ ಮಹಡಿಯಲ್ಲಿತ್ತು. ಅಷ್ಟೇ ಕಾರಣ. ಅವನು ಮೆಟ್ಟಿಲು ಇಳಿದು ಬರುವಾಗಲೆಲ್ಲ ಕೆಳಗಿನಿಂದ ಎಲ್ಲರೂ ಒಟ್ಟಿಗೆ ಆ ಎರಡು ಸಾಲು ಹಾಡುತ್ತಿದ್ದೆವು. ಅವನು ನಗುತ್ತಿದ್ದ. ವಾರದೊಳಗೆ ಹೆಸರು ಅಂಟಿಕೊಂಡಿತು. ಲೆಕ್ಚರರ್‌ಗಳೂ ಹಾಗೇ ಕರೆಯುವ ಮಟ್ಟಕ್ಕೆ ಹೋಯಿತು. ಅವನ ಮದುವೆಯ ಬ್ಯಾನರಿನಲ್ಲಿ ನಾವು ಬರೆಸಿದ್ದೂ ಅದೇ ಹೆಸರನ್ನು.

ಪೂರ್ತಿ ಹಾಡು ನಾನು ಪದಗಳನ್ನು ಕಣ್ಣೆದುರು ಇಟ್ಟುಕೊಂಡು ಕೇಳಿದ್ದು ಈ ವರ್ಷ, ನಾವು ಸಕಲೇಶಪುರಕ್ಕೆ ಹೋಗುವ ಎರಡು ವಾರ ಮುಂಚೆ. ಲೂಕಾ ಒಬ್ಬ ಸಣ್ಣ ಹುಡುಗ. ಕೆಳಗಿನ ಮನೆಯವರಿಗೆ ಹೇಳುತ್ತಿದ್ದಾನೆ. ರಾತ್ರಿ ಹೊತ್ತಿನಲ್ಲಿ ಏನಾದರೂ ಸದ್ದು ಕೇಳಿದರೆ, ಗಲಾಟೆ ಜಗಳ ಕೇಳಿದರೆ, ಏನಾಯಿತು ಅಂತ ನನ್ನನ್ನು ಕೇಳಬೇಡಿ. ನಾನೇ ಸ್ವಲ್ಪ ಎಡವಟ್ಟು ಇರಬೇಕು, ಜೋರಾಗಿ ಮಾತಾಡದೆ ಇರಲು ನೋಡುತ್ತೇನೆ. ಅಳುವವರೆಗೆ ಮಾತ್ರ ಹೊಡೆಯುತ್ತಾರೆ, ಆಮೇಲೆ ಯಾಕೆ ಅಂತ ಕೇಳುವ ಹಾಗಿಲ್ಲ. ಆ ಹೆಸರು ವೇಗಾಗೆ ಸಿಕ್ಕಿದ್ದು ಅವಳಿದ್ದ ಕಟ್ಟಡದ ಹತ್ತಿರ ಆಡುತ್ತಿದ್ದ ಮಕ್ಕಳಲ್ಲಿ ಸ್ವಲ್ಪ ಬೇರೆಯಾಗಿ ಕಂಡ ಒಬ್ಬ ಹುಡುಗನಿಂದ. ಅವನಿಗೆ ಯಾರೂ ಹೊಡೆಯುತ್ತಿರಲಿಲ್ಲ, ಹೆಸರಷ್ಟೇ ಅವನದ್ದು ಅಂತ ಅವಳು ಹೇಳಿದ್ದಾಳೆ.

ಇಲ್ಲಿ ನನ್ನ ಪಲ್ಲವಿ ಚರಣದ ವಾದವೂ ನಿಲ್ಲುವುದಿಲ್ಲ. ಈ ಹಾಡಿನಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಡ್ರಮ್ ಅಡ್ಡ ಬರುವುದಿಲ್ಲ, ಟೇಪು ಕಟ್ ಆಗಿರಲಿಲ್ಲ, ಇಂಗ್ಲಿಷ್ ಐದನೇ ಕ್ಲಾಸಿನದ್ದು. ನಾವು ಎರಡು ಸಾಲು ಸಿಕ್ಕಿದ್ದೇ ತಡ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದೆವು.

ಆ ರಾತ್ರಿ ಇದನ್ನು ಹೇಳಬೇಕೋ ಬೇಡವೋ ಅಂತ ನನಗೆ ಮೊದಲಿನಿಂದಲೂ ಅನುಮಾನ ಇತ್ತು. ಆದರೆ ಎಲ್ಲ ಹಾಡಿನ ಅರ್ಥ ಹೇಳಿ ಇದೊಂದನ್ನು ಬಿಟ್ಟರೆ ಅದೂ ಸರಿಯಲ್ಲ ಅನ್ನಿಸಿತು. ಹೇಳಿದೆ. ತಮಾಷೆಯ ಧಾಟಿಯಲ್ಲಿ ಶುರು ಮಾಡಿದೆ, ಅರ್ಧಕ್ಕೆ ಬರುವಾಗ ಆ ಧಾಟಿ ನಿಲ್ಲಲಿಲ್ಲ. ಹುಬ್ಬಳ್ಳಿಯವನು ಪುತ್ತೂರಿನವನ ಮುಖ ನೋಡಿದ.

"ನಂಗೆ ಆಗ್ಲೇ ಗೊತ್ತಿತ್ತು ಕಣ್ರೋ," ಅಂದ ಲೂಕಾ.

ಮೊದಲ ವರ್ಷದ ದೀಪಾವಳಿ ರಜೆ ಕಳೆದ ಮೇಲೆ ಬಂದ ಕ್ಯಾಸೆಟ್ಟು ಅದು. ಮುಂದಿನ ರಜೆಯಲ್ಲಿ ಹಾಸ್ಟೆಲ್ ಖಾಲಿ ಇದ್ದಾಗ ಒಬ್ಬನೇ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಪೂರ್ತಿ ಹಾಡನ್ನು ಡ್ರಾಯಿಂಗ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದನಂತೆ. ಒಂದು ಪದವೂ ತಪ್ಪಿರಲಿಲ್ಲ ಅಂತ ಆಮೇಲೆ ಇಂಟರ್ನೆಟ್ಟಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡನಂತೆ.

"ಮತ್ತೆ ಯಾಕೋ ಹೇಳ್ಲಿಲ್ಲ? ಆ ಹೆಸರು ಬೇಡ ಅನ್ನಬಹುದಿತ್ತಲ್ಲ?"

"ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ರಿ."

ಮಳೆ ಹಾಗೇ ಸುರಿಯುತ್ತಿತ್ತು. ಲೂಕಾ ಮೊಬೈಲು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೆ ಏರಿಸಿ, ಪಟ್ಟಿಯನ್ನು ಮೇಲೆ ಕೆಳಗೆ ಮಾಡಿದ. "ಮುಂದೆ ಯಾವ್ದು ಹಾಕ್ಲಿ?" ಅಂದ.

ಸ್ವಲ್ಪ ಹೊತ್ತು ಬಿಟ್ಟು ಪುತ್ತೂರಿನವನು, "ಆಫ್ರಿಕಾ ಹಾಕು ಮಾರಾಯ" ಅಂದ.